ಅಂಗೈಯಲ್ಲಿ ಕಣ್ಣಿದ್ದ ಹುಡುಗಿಯ ಸಹಿ

ತೀರ್ಪು ಮೊದಲು ಹೇಳುತ್ತೇನೆ, ಕಥೆ ಆಮೇಲೆ. ಸಿನಿಮಾದವರ ಆಟೋಗ್ರಾಫ್ ಮೇಳಕ್ಕೆ ಹೋಗಬಹುದಾ? ಖಂಡಿತ ಹೋಗಿ. ಟೇಬಲ್ ಮುಂದೆ ಕ್ಯೂ ನಿಂತು, ಅವರ ಮುಖ ನೋಡಿ, ಎರಡು ಮಾತಾಡಿ, ಸಹಿ ಹಾಕಿಸಿಕೊಳ್ಳಿ. ಅದಕ್ಕೆ ಕೊಡುವ ದುಡ್ಡು ದಂಡವಲ್ಲ. ಆದರೆ ಪರದೆ ಮುಂದೆ ನಟರ ಪಕ್ಕ ನಿಲ್ಲಿಸಿ ತೆಗೆಯುವ ಫೋಟೋಗೆ, ಅಂದರೆ ‘ಫೋಟೋ ಆಪ್’ಗೆ ಮಾತ್ರ ಮುಂಗಡ ಕಟ್ಟಬೇಡಿ. ನಾನು ಎರಡನ್ನೂ ಮಾಡಿ ಬಂದಿದ್ದೇನೆ. ಟೇಬಲ್ಲಿಗೆ ಐದಕ್ಕೆ ಐದು ಸ್ಟಾರ್. ಫೋಟೋ ಆಪ್‌ಗೆ ಒಂದು.

ಮೇಳ ನಡೆದದ್ದು ಲಂಡನ್ ಹೊರವಲಯದ ಒಂದು ಹೋಟೆಲಿನಲ್ಲಿ, ಶನಿವಾರ ಮತ್ತು ಭಾನುವಾರ. ನಡೆಸಿದವರ ಹೆಸರು ಬರೆಯುವುದಿಲ್ಲ. ಇಂಥ ಮೇಳಗಳು ಈ ದೇಶದಲ್ಲಿ ವರ್ಷವಿಡೀ ನಡೆಯುತ್ತವೆ, ಎಲ್ಲಿ ಹೋದರೂ ಉಪಯೋಗಕ್ಕೆ ಬರುವಂತೆ ಬರೆಯೋಣ ಅಂತ. ನಾನು ಹೋದದ್ದು ಒಬ್ಬರಿಗಾಗಿ ಮಾತ್ರ. ಕ್ಯಾರೊಲೈನ್ ಮನ್ರೋ ಅವರಿಗಾಗಿ.

ಹೆಸರು ಕೇಳಿದ ತಕ್ಷಣ ಎಲ್ಲರಿಗೂ ನೆನಪಾಗದೇ ಇರಬಹುದು. 1977ರ ಜೇಮ್ಸ್ ಬಾಂಡ್ ಚಿತ್ರ ‘ದಿ ಸ್ಪೈ ಹೂ ಲವ್ಡ್ ಮಿ’ಯಲ್ಲಿ ಒಬ್ಬಳು ಹೆಲಿಕಾಪ್ಟರಿನಿಂದ ಗುಂಡು ಹಾರಿಸುತ್ತಾ, ಕೆಳಗೆ ಕಾರಿನಲ್ಲಿ ಹೋಗುವ ಬಾಂಡ್‌ಗೆ ಕಣ್ಣು ಹೊಡೆಯುತ್ತಾಳಲ್ಲ, ನವೋಮಿ ಅಂತ, ಅವರೇ. ಸುಮಾರು ಜನಕ್ಕೆ ಅವರು ಆ ಕಣ್ಣು ಹೊಡೆದವಳಾಗಿಯೇ ಗೊತ್ತು. ನನಗೆ ಹಾಗಲ್ಲ. ನನಗೆ ಅವರು ಮಾರ್ಗಿಯಾನಾ.

1986ರ ಗಣಪತಿ ಹಬ್ಬ. ಶಿವಮೊಗ್ಗದ ದುರ್ಗಿಗುಡಿ. ನನಗೆ ಒಂಬತ್ತು ವರ್ಷ. ಎದುರುಮನೆ ಮೇಷ್ಟ್ರು ಒಂದು ರಾತ್ರಿಗೆ ಕಲರ್ ಟಿವಿ ಮತ್ತು ವಿಡಿಯೋ ಡೆಕ್ ಬಾಡಿಗೆಗೆ ತಂದಿದ್ದರು, ಜೊತೆಗೆ ಮೂರು ಕ್ಯಾಸೆಟ್. ಮೊದಲು ರಾಜ್‌ಕುಮಾರ್ ಪಿಕ್ಚರ್, ಆಮೇಲೆ ಒಂದು ಹಿಂದಿ. ಕೊನೆಗೆ ಉಳಿದದ್ದು ಇಂಗ್ಲಿಷಿನದು. ಅಷ್ಟರಲ್ಲಿ ರಾತ್ರಿ ಒಂದೂವರೆ. ದೊಡ್ಡವರೆಲ್ಲ ಆಕಳಿಸುತ್ತಾ ಎದ್ದು ಹೋದರು. ಉಳಿದವರು ಓಣಿಯ ನಾಲ್ಕು ಮಕ್ಕಳು ಮತ್ತು ರಾತ್ರಿ ನಿದ್ದೆ ಬಾರದ ನಮ್ಮಜ್ಜಿ.

ಆ ಚಿತ್ರ ‘ದಿ ಗೋಲ್ಡನ್ ವಾಯೇಜ್ ಆಫ್ ಸಿಂದಬಾದ್’. 1973ರ ಕೊನೆಗೆ ಬಂದದ್ದು. ಒಂದು ಮಾತೂ ಅರ್ಥವಾಗಲಿಲ್ಲ, ಆದರೆ ಕಥೆಯೆಲ್ಲ ಅರ್ಥವಾಯಿತು. ಸಿಂದಬಾದನ ಹಡಗಿನಲ್ಲಿ ಒಬ್ಬಳು ಹುಡುಗಿ, ಅವಳೇ ಮಾರ್ಗಿಯಾನಾ. ಅವಳ ಅಂಗೈ ಮೇಲೆ ಒಂದು ಕಣ್ಣಿನ ಹಚ್ಚೆ. ಅಜ್ಜಿ ಅಡಿಕೆ ಕತ್ತರಿಸುತ್ತಾ, “ಅಂಗೈಯಲ್ಲೇ ಕಣ್ಣು ಇಟ್ಕೊಂಡು ಬಂದಿದಾಳೆ ಕೂಸು, ಅವಳಿಗೇನೂ ಆಗಲ್ಲ ನೋಡು” ಅಂದರು. ಆಮೇಲೆ ಗುಡಿಯೊಳಗೆ ಆರು ಕೈಯ ಕಾಳಿಯ ಮೂರ್ತಿಗೆ ಜೀವ ಬಂತು. ಮೂರ್ತಿ ಮೆಲ್ಲಗೆ ತಲೆ ಎತ್ತಿ ಕುಣಿಯತೊಡಗಿದಾಗ ಅಜ್ಜಿ ಅಡಕತ್ತರಿ ಕೆಳಗಿಟ್ಟು ಕೈ ಮುಗಿದರು. ಮುಂದೆ ಕಾಳಿಯ ಆರು ಕೈಗೂ ಆರು ಕತ್ತಿ. ಹೊಡೆದಾಟ. ಕೊನೆಗೆ ಒಬ್ಬ ಹಿಂದಿನಿಂದ ನೂಕಿದ, ಮೂರ್ತಿ ಕೆಳಗೆ ಬಿದ್ದು ಚೂರು ಚೂರಾಯಿತು.

ಅಜ್ಜಿಗೆ ಸಿಟ್ಟು ಬಂತು. “ಮೂರ್ತಿ ಒಡೆಯೋದು ಅಂದ್ರೆ ಏನು? ಅದೂ ಹಬ್ಬದ ದಿನ” ಅಂತ ಎದ್ದು ಹೋದರು. ವರ್ಷಗಟ್ಟಲೆ ಅದನ್ನು ಹೇಳುತ್ತಿದ್ದರು. ಮರುದಿನ ನಾನು ಬಾಲ್‌ಪೆನ್ನಿನಲ್ಲಿ ಅಂಗೈ ಮೇಲೆ ಕಣ್ಣು ಬರೆದುಕೊಂಡು ಸ್ಕೂಲಿಗೆ ಹೋದೆ. ಗೆಳತಿಯರೂ ಬರೆಸಿಕೊಂಡರು. ಮೂರು ದಿನ ನಮ್ಮ ಕ್ಲಾಸಿನ ತುಂಬಾ ಮಾರ್ಗಿಯಾನಾಗಳೇ.

ಮದುವೆಯಾಗಿ ಇಂಗ್ಲೆಂಡಿಗೆ ಬಂದು ಸ್ಲೌ ಊರಿನಲ್ಲಿ ನೆಲೆ ನಿಂತ ಮೇಲೆ ಒಂದು ವಿಷಯ ತಿಳಿಯಿತು. ಮನ್ರೋ ಹುಟ್ಟಿದ್ದು ವಿಂಡ್ಸರಿನಲ್ಲಿ, 1949ರಲ್ಲಿ. ವಿಂಡ್ಸರ್ ಅಂದರೆ ನಮ್ಮ ಪಕ್ಕದ ಊರು. ರಾಜಮನೆತನದ ಕೋಟೆ ಇದೆಯಲ್ಲ, ಅದೇ. ಭಾನುವಾರ ಮಕ್ಕಳನ್ನು ಕರೆದುಕೊಂಡು ನದಿ ಬದಿಗೆ ಹಂಸ ನೋಡಲು ಹೋಗುವ ಊರು. ದುರ್ಗಿಗುಡಿಯಲ್ಲಿ ಮಧ್ಯರಾತ್ರಿ ನೋಡಿದ ಮುಖ ಇಲ್ಲಿನದು ಅಂತ ತಿಳಿದಾಗ ನನಗೆ ಆದ ಖುಷಿಯನ್ನು ಹೇಗೆ ಹೇಳಲಿ.

ಆಮೇಲೆ ಅವರ ಚಿತ್ರಗಳನ್ನು ಒಂದೊಂದಾಗಿ ಹುಡುಕಿ ನೋಡಿದೆ. ದೆವ್ವ ಭೂತದ ಚಿತ್ರಗಳಿಗೆ ಹೆಸರಾದ ಹ್ಯಾಮರ್ ಕಂಪನಿಯ ‘ಡ್ರಾಕುಲಾ ಎ.ಡಿ. 1972’. ಅದೇ ಕಂಪನಿಯ ‘ಕ್ಯಾಪ್ಟನ್ ಕ್ರೋನೋಸ್’. ಇಟಲಿಯವರು ತೆಗೆದ ‘ಸ್ಟಾರ್‌ಕ್ರಾಶ್’, ಅದರಲ್ಲಿ ಅವರು ಸ್ಟೆಲ್ಲಾ ಸ್ಟಾರ್ ಎಂಬ ಬಾಹ್ಯಾಕಾಶದ ಸಾಹಸಿ. ‘ಸ್ಟಾರ್‌ಕ್ರಾಶ್’ಗೆ ದುಡ್ಡು ಕಡಿಮೆ ಇತ್ತು ಅಂತ ಪ್ರತಿ ಶಾಟಿನಲ್ಲೂ ಕಾಣುತ್ತದೆ. ಆದರೂ ಜಾನ್ ಬ್ಯಾರಿಯ ಸಂಗೀತ ಇದೆ, ಬಣ್ಣಬಣ್ಣದ ನಕ್ಷತ್ರಗಳಿವೆ, ನಡುವೆ ಅವರು ಇದ್ದಾರೆ. ಕಲ್ಟ್ ಸಿನಿಮಾ ಅಂದರೆ ನನಗೆ ಇದೇ. ಬಿಡುಗಡೆಯಾದಾಗ ದೊಡ್ಡವರು ಮೂಗು ಮುರಿದಿರಬಹುದು. ಐವತ್ತು ವರ್ಷ ಆದಮೇಲೂ ಯಾರೋ ಒಬ್ಬರು ಅದನ್ನು ಮನೆಮಂದಿಯಂತೆ ಪ್ರೀತಿಸುತ್ತಾರೆ.

ಒಂದು ಬೇಸರ ಮಾತ್ರ ಇತ್ತು. ಬಾಂಡ್ ಚಿತ್ರದಲ್ಲಾಗಲಿ, ‘ಸ್ಟಾರ್‌ಕ್ರಾಶ್’ನಲ್ಲಾಗಲಿ ಕೇಳುವುದು ಅವರ ದನಿಯಲ್ಲ. ಬೇರೆಯವರ ಕೈಯಲ್ಲಿ ಡಬ್ ಮಾಡಿಸಿದ್ದಾರೆ. ಈಚೆಗೆ ‘ಟಾಕಿಂಗ್ ಪಿಕ್ಚರ್ಸ್ ಟಿವಿ’ಯಲ್ಲಿ ‘ದಿ ಸೆಲ್ಲರ್ ಕ್ಲಬ್’ ಅನ್ನುವ ಕಾರ್ಯಕ್ರಮದಲ್ಲಿ ಅವರೇ ಬಂದು ಹಳೇ ಚಿತ್ರಗಳ ಬಗ್ಗೆ ಮಾತಾಡತೊಡಗಿದರು. ಮೆತ್ತನೆಯ, ಅವಸರವಿಲ್ಲದ ದನಿ. ಅದನ್ನು ಕೇಳಿದ ಮೇಲೆ ಒಮ್ಮೆಯಾದರೂ ಎದುರಿಗೆ ಕೇಳಬೇಕು ಅನ್ನಿಸಿತು.

ಇನ್ನು ಮೇಳದ ವಿಷಯ.

ಒಂದು ತಿಂಗಳು ಮೊದಲೇ ಒಳಗೆ ಹೋಗುವ ಟಿಕೆಟ್ ಕೊಂಡೆ. ಜೊತೆಗೆ ಫೋಟೋ ಆಪ್‌ಗೆ 30 ಪೌಂಡ್ ಕಟ್ಟಿದೆ. ನನ್ನ ಮನಸ್ಸಿನಲ್ಲಿ ಒಂದು ಚಿತ್ರ ಇತ್ತು. ಅಂಗೈ ಮೇಲೆ ಕಣ್ಣು ಬರೆದುಕೊಂಡು, ಕೈ ಎತ್ತಿ, ಅವರ ಪಕ್ಕದಲ್ಲಿ ನಿಲ್ಲಬೇಕು. ಶನಿವಾರ ಬೆಳಿಗ್ಗೆ ಮಗಳು ಐಲೈನರ್‌ನಲ್ಲಿ ತುಂಬಾ ಚೆನ್ನಾಗಿ ಬರೆದುಕೊಟ್ಟಳು.

ನಮಗೆ ಕೊಟ್ಟ ಸಮಯ ಹನ್ನೊಂದೂವರೆ. ಹನ್ನೆರಡಕ್ಕೆ ಬಂದು ಒಂದು ಗಂಟೆ ಅಂದರು. ಒಂದು ಗಂಟೆಗೆ ಇನ್ನೊಂದು ಬಾಗಿಲಿಗೆ ಹೋಗಿ ಅಂದರು. ಕಿಟಕಿಯಿಲ್ಲದ ಕಾರಿಡಾರಿನಲ್ಲಿ ಎಪ್ಪತ್ತು ಎಂಬತ್ತು ಜನ, ಅದರಲ್ಲಿ ಊರುಗೋಲು ಹಿಡಿದ ವಯಸ್ಸಾದವರು ಜಾಸ್ತಿ. ಕೂರಲು ಒಂದು ಕುರ್ಚಿ ಇಲ್ಲ. ಕೊನೆಗೆ ಒಳಗೆ ಬಿಟ್ಟರು. ನಾನು ಕೈ ಎತ್ತುವಷ್ಟರಲ್ಲಿ ಕ್ಯಾಮೆರಾ ಹುಡುಗ ಕೈ ಇಳಿಸಿ ಅಂದ. ಫ್ಲ್ಯಾಶ್ ಬಿತ್ತು, ಮುಂದಿನವರನ್ನು ಕರೆದ. ಎಲ್ಲಾ ಸೇರಿ ಐದಾರು ಸೆಕೆಂಡು. ಪ್ರಿಂಟ್ ಕೈಗೆ ಬಂದಾಗ ನೋಡಿದರೆ ನನ್ನ ಕಣ್ಣು ಅರ್ಧ ಮುಚ್ಚಿದೆ, ಅಂಗೈ ಕಾಣುವುದೇ ಇಲ್ಲ. ಇನ್ನೊಂದು ತೆಗೆಯಿರಿ ಅಂತ ಕೇಳಿದೆ. ಆಗುವುದಿಲ್ಲ ಅಂದರು. ಮೇಲ್ ಬರೆದೆ, ಉತ್ತರವಿಲ್ಲ.

ಇದರಲ್ಲಿ ಮನ್ರೋ ಅವರ ತಪ್ಪು ಎಳ್ಳಷ್ಟೂ ಇಲ್ಲ. ಅವರು ಎಲ್ಲರಿಗೂ ನಗುಮುಖದಿಂದಲೇ ನಿಂತಿದ್ದರು. ತಪ್ಪು ಇರುವುದು ಆ ವ್ಯವಸ್ಥೆಯಲ್ಲಿ. ಪ್ರೀತಿಯಿಂದ ದೂರದಿಂದ ಬಂದವರನ್ನು ಹೀಗೆ ಸಾಲಿನಲ್ಲಿ ತಳ್ಳಬಾರದು. ಐದು ಸೆಕೆಂಡಿನ ಬದಲು ಇಪ್ಪತ್ತು ಸೆಕೆಂಡು ಕೊಟ್ಟಿದ್ದರೆ ಯಾರಿಗೂ ನಷ್ಟ ಆಗುತ್ತಿರಲಿಲ್ಲ. ಬೇಕಾದರೆ ಟಿಕೆಟ್ ಕಡಿಮೆ ಮಾರಲಿ. ನನಗೆ ಅವತ್ತು ನಿಜವಾಗಿಯೂ ಅಳು ಬಂತು. ಮನೆಗೆ ಹೋಗಿಬಿಡೋಣ ಅಂದುಕೊಂಡೆ. ನಮ್ಮನೆಯವರು ಫೋನಿನಲ್ಲಿ, “ನಾಳೆ ಇನ್ನೊಂದು ಸಲ ಹೋಗು, ಟೇಬಲ್ ಹತ್ತಿರ ಹೋಗು” ಅಂದರು. ಅವರಿಗೆ ಥ್ಯಾಂಕ್ಸ್ ಹೇಳಬೇಕು.

ಭಾನುವಾರ ಮಧ್ಯಾಹ್ನ ಎರಡಕ್ಕೆ ಹೋದೆ. ಇದು ಗೊತ್ತಿರಲಿ: ಶನಿವಾರ ಬೆಳಿಗ್ಗೆ ಜಾತ್ರೆ, ಭಾನುವಾರ ಊಟದ ನಂತರ ಆರಾಮ. ಹಾಲ್ ಅರ್ಧ ಖಾಲಿಯಾಗಿತ್ತು. ಒಂದೊಂದು ಟೇಬಲ್ಲಿಗೆ ಒಬ್ಬೊಬ್ಬ ನಟರು, ಹಿಂದೆ ಹೆಸರಿನ ಬ್ಯಾನರ್, ಮುಂದೆ ಎಂಟಕ್ಕೆ ಹತ್ತು ಇಂಚಿನ ಫೋಟೋಗಳು ಸಾಲಾಗಿ. ಹೆಚ್ಚಿನವರ ಸಹಿಗೆ 20ರಿಂದ 30 ಪೌಂಡ್. ಫೋಟೋ ಅದರಲ್ಲೇ ಸೇರಿದೆ. ಕೆಲವು ಟೇಬಲ್ಲಿನಲ್ಲಿ ಕಾರ್ಡ್ ನಡೆಯಲಿಲ್ಲ, ಆದ್ದರಿಂದ ಕೈಯಲ್ಲಿ ನೋಟು ಇರಲಿ.

ಮನ್ರೋ ಅವರ ಮುಂದೆ ಹದಿನೈದು ಜನ ಇದ್ದರು. ನನ್ನ ಮುಂದಿದ್ದವರು ಎಪ್ಪತ್ತು ದಾಟಿದ ಒಬ್ಬ ರಿಟೈರ್ಡ್ ಮನುಷ್ಯ. ಕೈಯಲ್ಲಿ ಪೋಸ್ಟರ್ ಸುತ್ತಿಟ್ಟ ಕೊಳವೆ. ನನ್ನ ಅಂಗೈ ಮೇಲಿನ ಮಾಸಿದ ಕಣ್ಣು ನೋಡಿ ಅವರಿಗೆ ತಕ್ಷಣ ಗೊತ್ತಾಯಿತು. ಆಮೇಲೆ ನಲವತ್ತು ನಿಮಿಷ ಹೇಗೆ ಹೋಯಿತೋ ತಿಳಿಯಲಿಲ್ಲ. ಈ ಮೇಳಗಳ ಅರ್ಧ ಸುಖ ಕ್ಯೂನಲ್ಲೇ ಇದೆ. ನಿಮ್ಮ ಮನೆಯಲ್ಲಿ, ಆಫೀಸಿನಲ್ಲಿ ಯಾರೂ ಕೇಳಿರದ ಚಿತ್ರದ ಬಗ್ಗೆ, ಗುರುತಿಲ್ಲದ ಒಬ್ಬರು ಅಷ್ಟೇ ಅಕ್ಕರೆಯಿಂದ ಮಾತಾಡುತ್ತಾರೆ.

ಆ ಹಿರಿಯರು ಹೇಳಿದ್ದರಲ್ಲಿ ಒಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಆ ಕಾಳಿಯನ್ನು ಆಡಿಸಿದವರು ರೇ ಹ್ಯಾರಿಹೌಸನ್. ಚಿಕ್ಕ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫ್ರೇಮ್, ಮತ್ತೆ ಸರಿಸಿ ಇನ್ನೊಂದು ಫ್ರೇಮ್. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಫ್ರೇಮ್. ಆರು ಕೈ, ಆರು ಕತ್ತಿ, ಎಲ್ಲವನ್ನೂ ನೆನಪಿಟ್ಟುಕೊಂಡು ಸರಿಸಬೇಕು. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಆ ಕುಣಿತ ಎಲ್ಲಿಂದ ಬಂತು ಅನ್ನುವುದು. ಅದನ್ನು ಹೇಳಿಕೊಟ್ಟವರು ಲಂಡನ್ನಿನಲ್ಲಿದ್ದ ಸೂರ್ಯಕುಮಾರಿ.

ಟಂಗುಟೂರಿ ಸೂರ್ಯಕುಮಾರಿ! ರಾಜಮಂಡ್ರಿಯವರು. ಆಂಧ್ರದ ನಾಡಗೀತೆ ‘ಮಾ ತೆಲುಗು ತಲ್ಲಿಕಿ’ ಹಾಡಿದ ದನಿ. 1960ರ ದಶಕದಲ್ಲಿ ಲಂಡನ್ನಿಗೆ ಬಂದು ಇಲ್ಲೇ ಉಳಿದು, ಇಲ್ಲಿನವರಿಗೆ ಹಾಡು ಕುಣಿತ ಕಲಿಸಿ, 2005ರಲ್ಲಿ ಇಲ್ಲೇ ತೀರಿಕೊಂಡರು. ಅಜ್ಜಿ ಅಡಕತ್ತರಿ ಕೆಳಗಿಟ್ಟು ಕೈ ಮುಗಿದದ್ದು ಸುಮ್ನೆ ಅಲ್ಲ. ಆ ಗೊಂಬೆಯ ಕೈಕಾಲಿನಲ್ಲಿ ನಮ್ಮ ಕಡೆಯ ಒಬ್ಬರ ಕುಣಿತ ಇತ್ತು. ಅಜ್ಜಿಯ ಕಣ್ಣಿಗೆ ಅದು ಕಂಡಿತ್ತು.

ಮೂರ್ತಿ ಒಡೆದದ್ದಕ್ಕೆ ಅಜ್ಜಿ ಬೇಸರ ಮಾಡಿಕೊಂಡದ್ದನ್ನೂ ಹೇಳಿದೆ. ಆ ಹಿರಿಯರು ನಗಲಿಲ್ಲ. ಆ ಗೊಂಬೆ ಒಡೆದಿಲ್ಲ ಅಂದರು. ಹ್ಯಾರಿಹೌಸನ್ 2013ರಲ್ಲಿ ತೀರಿಕೊಂಡರು. ಅವರ ಹೆಸರಿನ ಪ್ರತಿಷ್ಠಾನದವರು ಅವರ ಗೊಂಬೆಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ, ಕಾಳಿಯೂ ಅದರಲ್ಲಿದೆ.

ನನ್ನ ಸರದಿ ಬಂತು. ಸಹಾಯಕಿ ದುಡ್ಡು ತೆಗೆದುಕೊಂಡು ಯಾವ ಫೋಟೋ ಬೇಕು ಅಂತ ಕೇಳಿದರು. ಬಾಂಡ್ ಫೋಟೋಗಳು ಮುಂದಿದ್ದವು. ಸಿಂದಬಾದ್‌ನದು ಪಕ್ಕದಲ್ಲಿತ್ತು. ಮಾರ್ಗಿಯಾನಾ ಒಬ್ಬಳೇ ಇರುವುದನ್ನು ಆರಿಸಿಕೊಂಡೆ. ಹೆಸರಿನ ಚೀಟಿ ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ಹೆಸರುಗಳ ಸ್ಪೆಲ್ಲಿಂಗ್ ಅವರಿಗೆ ಗೊತ್ತಾಗುವುದಿಲ್ಲ, ಅದನ್ನು ಹೇಳುವುದರಲ್ಲೇ ನಿಮ್ಮ ಒಂದು ನಿಮಿಷ ಕಳೆದುಹೋಗುತ್ತದೆ. ನಾನೂ ನನ್ನ ಹೆಸರಿನ ಚೀಟಿ ಹಿಡಿದುಕೊಂಡಿದ್ದೆ. ಕೊಡುವ ಹೊತ್ತಿಗೆ ಮನಸ್ಸು ಬದಲಾಯಿತು. ಚೀಟಿ ತಿರುಗಿಸಿ ಹಿಂದೆ ‘ಗಂಗಮ್ಮ’ ಅಂತ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ನಮ್ಮಜ್ಜಿಯ ಹೆಸರು.

ಯಾರು ಅಂತ ಅವರು ಕೇಳಿದರು. ಆ ದನಿ, ಟಿವಿಯಲ್ಲಿ ಕೇಳಿದ್ದಕ್ಕಿಂತ ಇನ್ನೂ ಮೆಲ್ಲಗೆ. ನಾನು ಹೇಳಿದೆ. ಗಣಪತಿ ಹಬ್ಬ, ಡೆಕ್, ನಿದ್ದೆ ಬಾರದ ಅಜ್ಜಿ, ಅಂಗೈ ಕಣ್ಣು. ಅವರು ಪೆನ್ನು ಮುಚ್ಚಿ ಟೇಬಲ್ ಮೇಲಿಟ್ಟು ಕೇಳಿದರು. ನಾನು ಈ ವಿಮರ್ಶೆಯಲ್ಲಿ ಐದು ಸ್ಟಾರ್ ಕೊಟ್ಟಿರುವುದು ಅದಕ್ಕೆ. ಎರಡು ದಿನದಿಂದ ನೂರಾರು ಜನರ ಕಥೆ ಕೇಳಿ ದಣಿದಿರುತ್ತಾರೆ. ಆದರೂ ಕಣ್ಣು ಗಡಿಯಾರದ ಕಡೆ ಹೋಗಲಿಲ್ಲ, ಹಿಂದಿನವರ ಕಡೆಯೂ ಹೋಗಲಿಲ್ಲ.

ಒಂದೇ ಒಂದು ಪ್ರಶ್ನೆ ಕೇಳಿದೆ. ಚಿತ್ರದ ಕೊನೆಗೆ ಮಾರ್ಗಿಯಾನಾಳನ್ನು ಗುಹೆಯೊಳಗೆ ಇಳಿಸುತ್ತಾರೆ, ಒಕ್ಕಣ್ಣಿನ ಕುದುರೆಮನುಷ್ಯನಿಗೆ ಬಲಿ ಕೊಡಲು. ಗೊಂಬೆಯನ್ನು ಆಮೇಲೆ ಸೇರಿಸಿದ್ದು. ಶೂಟಿಂಗ್ ಹೊತ್ತಿಗೆ ಅಲ್ಲಿ ಏನೂ ಇಲ್ಲ. ಖಾಲಿ ಜಾಗ ನೋಡಿ ಹೇಗೆ ಹೆದರಿದಿರಿ? ಅವರು ಬಾಯಲ್ಲಿ ಉತ್ತರ ಹೇಳಲಿಲ್ಲ. ನನ್ನ ತಲೆಯ ಮೇಲೆ, ಹಾಲಿನ ದೀಪದ ಹತ್ತಿರ ಎಲ್ಲೋ ಕಣ್ಣು ನೆಟ್ಟರು. ಒಂದು ಕ್ಷಣ ಮುಖ ಬದಲಾಯಿತು. ಉಸಿರು ಹಿಡಿದರು. ಎದುರಿಗೆ ಇದ್ದದ್ದು ಅದೇ ಮಾರ್ಗಿಯಾನಾ. ನಾನು ಹಿಂದೆ ತಿರುಗಿ ನೋಡಿಬಿಟ್ಟೆ. ಆಮೇಲೆ ಇಬ್ಬರೂ ನಕ್ಕೆವು.

ಬೆಳ್ಳಿ ಬಣ್ಣದ ಪೆನ್ನಿನಲ್ಲಿ ಅಜ್ಜಿಯ ಹೆಸರು ಬರೆದು, ಕೆಳಗೆ ಉದ್ದಕ್ಕೆ ಸಹಿ ಹಾಕಿದರು. ನಾನು ಕೇಳದೇನೇ ಪಕ್ಕದಲ್ಲಿ ಒಂದು ಚಿಕ್ಕ ಕಣ್ಣು ಬರೆದರು.

ಸಹಿ ಮಾರುವ ಉದ್ದೇಶ ಇರುವವರು ಹೆಸರು ಬರೆಸುವುದಿಲ್ಲ, ಬೆಲೆ ಇಳಿಯುತ್ತದೆ ಅಂತ. ನನ್ನ ಮಾತು ಕೇಳಿ, ಹೆಸರು ಬರೆಸಿ. ಬರಿ ಸಹಿ ಅಂಗಡಿಯಲ್ಲೂ ಸಿಗುತ್ತದೆ. ಬೆಳ್ಳಿ ಪೆನ್ನಿನ ಶಾಯಿ ಗ್ಲಾಸಿ ಫೋಟೋ ಮೇಲೆ ಬೇಗ ಒಣಗುವುದಿಲ್ಲ, ಐದು ನಿಮಿಷ ಅಂಗೈ ಮೇಲೆ ಚಪ್ಪಟೆಯಾಗಿ ಹಿಡಿದುಕೊಂಡಿರಿ. ನನ್ನ ಪಕ್ಕದ ಹುಡುಗ ಅವಸರದಲ್ಲಿ ಕವರಿಗೆ ಹಾಕಿ ಇಡೀ ಸಹಿ ಒರೆಸಿಕೊಂಡ. ಪಾಪ, ನೋಡಲಾಗಲಿಲ್ಲ. ಗಟ್ಟಿ ಪ್ಲಾಸ್ಟಿಕ್ ಕವರನ್ನು ಮನೆಯಿಂದಲೇ ತನ್ನಿ, ಒಳಗೆ ಮೂರು ಪಟ್ಟು ಬೆಲೆ. ಫ್ರೇಮ್ ಹಾಕಿಸಿದರೆ ಬಿಸಿಲು ಬೀಳದ ಗೋಡೆಗೆ ಹಾಕಿ, ಇಲ್ಲವಾದರೆ ಶಾಯಿ ಮಾಸುತ್ತದೆ. ನಮ್ಮ ಮನೆಯಲ್ಲಿ ಮೆಟ್ಟಿಲ ಪಕ್ಕದ ಗೋಡೆಗೆ ಬಿಸಿಲು ಬರುವುದಿಲ್ಲ, ಅಲ್ಲಿ ಹಾಕಿದ್ದೇನೆ. ಊಟದ ವಿಷಯ ಹೇಳುವಂಥದ್ದೇನಿಲ್ಲ. ಒಣಗಿದ ಸ್ಯಾಂಡ್‌ವಿಚ್, ಆಲೂಗಡ್ಡೆ ಚಿಪ್ಸ್. ಟಾಯ್ಲೆಟ್ ಸ್ವಚ್ಛವಾಗಿತ್ತು.

ರಾತ್ರಿ ಶಿವಮೊಗ್ಗಕ್ಕೆ ವಿಡಿಯೋ ಕಾಲ್ ಮಾಡಿ ಅಮ್ಮನಿಗೆ ಫೋಟೋ ತೋರಿಸಿದೆ. ಇಂಗ್ಲಿಷಿನಲ್ಲಿ ಬರೆದ ತನ್ನ ಅತ್ತೆಯ ಹೆಸರನ್ನು ಅಮ್ಮ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಕಾಳಿಯ ಮೂರ್ತಿ ಒಡೆದಿಲ್ಲವಂತೆ ಅಂತಲೂ ಹೇಳಿದೆ. ಅದನ್ನು ಅಮ್ಮ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಬರುವ ಬೇಸಿಗೆಗೆ ಅಮ್ಮ ಇಲ್ಲಿಗೆ ಬರುತ್ತಾರೆ. ಆಗ ಮನ್ರೋ ಹತ್ತಿರದ ಯಾವ ಮೇಳಕ್ಕೆ ಬಂದರೂ ಕರೆದುಕೊಂಡು ಹೋಗುತ್ತೇನೆ. ಫೋಟೋ ಆಪ್ ಕೊಳ್ಳುವುದಿಲ್ಲ. ಭಾನುವಾರ, ಮಧ್ಯಾಹ್ನ ಎರಡಕ್ಕೆ, ಮೊಸರನ್ನ ಕಟ್ಟಿಕೊಂಡು.